ಸೋಮವಾರ ಸಹಿ ಹಾಕಬೇಡ

ವೆಲ್ಚ್, ವೆಸ್ಟ್ ವರ್ಜೀನಿಯಾ
ಸೆಪ್ಟೆಂಬರ್ 5, ಬುಧವಾರ

ನನ್ನ ಮೊಂಡು ತಂಗಿ ಮ್ಯಾಡಿಗೆ,

ಅಕ್ಕನ ಮುತ್ತುಗಳು. ಸಿಟ್ಟಿನಲ್ಲಿ ಇದನ್ನು ಹರಿದು ಹಾಕುವ ಮೊದಲು ಒಂದು ಸಲ ಓದು. ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು, ನಿನ್ನ ದನಿ ಕೇಳಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಸೋಮವಾರ ಬೆಕ್ಲಿ ಪಟ್ಟಣದ ಸೇನಾ ಭರ್ತಿ ಕಚೇರಿಗೆ ಹೋಗಿ, ಸಹಿ ಹಾಕಿ ಸೈನ್ಯಕ್ಕೆ ಸೇರುತ್ತೀಯಂತೆ, ಓಪಲ್ ಚಿಕ್ಕಮ್ಮ ಹೇಳಿದಳು. ಸೇರಬೇಕೆಂದು ಹಂಬಲಿಸುವವರು ಸೇರಲಿ, ಸಂತೋಷ. ನಿನಗೆ ಬೇಕಾದದ್ದು ನರ್ಸಿಂಗ್ ಓದು. ಫೀಸು ಕಟ್ಟಲಾಗದೆ, ಆಮೇಲೆ ಸೈನ್ಯದವರೇ ಓದಿಸುತ್ತಾರೆಂದು ಅವರಿಗೆ ನಾಲ್ಕು ವರ್ಷ ಬರೆದುಕೊಡಲು ಹೊರಟಿದ್ದೀಯ, ಅಷ್ಟೆ. ಬೇಡ. ಇಪ್ಪತ್ತೆಂಟರ ಶುಕ್ರವಾರದವರೆಗೆ ತಡೆದುಕೋ. ಅವತ್ತು ನಾನು ಆಡಿದ ಕ್ವಿಜ್ ಟಿವಿಯಲ್ಲಿ ಬರುತ್ತದೆ.

"ಅಷ್ಟು ದೂರ ಹೋಗಿ ಏನೇ ಕಿಸ್ದೆ? ಬಸ್ಸಲ್ಲಿ ಹೋದೆ, ಬಸ್ಸಲ್ಲೇ ಬಂದೆ" ಅಂತ ನಾನು ಕ್ವಿಜ್ ಆಡಿ ಬಂದ ದಿನ ನೀನು ಅಂದೆಯಲ್ಲ, ಅದನ್ನು ಮರೆತಿಲ್ಲ. ಮರುದಿನ ಡೈನರ್‌ಗೆ ಕೆಲಸಕ್ಕೆ ಹೋದರೆ ಮಾಲೀಕ ವೆಂಡೆಲ್ ಗಿರಾಕಿಗಳೆದುರು, "ಏನಮ್ಮಾ ಪಂಡಿತೆ, ಕಿಟಕಿ ಪಕ್ಕದ ಟೇಬಲ್‌ಗೆ ಕಾಫಿ ಯಾರು ಕೊಡ್ಬೇಕು? ಗೊತ್ತಿದ್ರೆ ಬೆಲ್ ಒತ್ತು!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕು ಕಾಫಿ ಕೊಟ್ಟೆ. ಸಂಜೆ ಮನೆಯಲ್ಲಿ ಅಮ್ಮ ಮಾತ್ರ, "ಹೋಗ್ಲಿ ಬಿಡು ಮಗಾ, ಊಟ ಮಾಡು" ಎಂದು ಬೀನ್ಸು, ಜೋಳದ ಬ್ರೆಡ್ಡು ಬಡಿಸಿದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಸೋತೆ ಎಂದು ನಾನು ಯಾರಿಗೂ ಹೇಳಿಲ್ಲ, ಮ್ಯಾಡಿ. ನೀವೇ ಅಂದುಕೊಂಡಿರಿ. ಆ ಆಟಕ್ಕೆ ಹೋದವರೆಲ್ಲ ಮೊದಲೇ ಒಪ್ಪಿಕೊಳ್ಳಬೇಕು: ಟಿವಿಯಲ್ಲಿ ಬರುವವರೆಗೆ ಯಾರು ಗೆದ್ದರೆಂದು ಹೆತ್ತ ತಾಯಿಗೂ ಹೇಳಬಾರದು. ಬಾಯಿ ಬಿಟ್ಟರೆ ಗೆದ್ದವರ ಬಹುಮಾನವೂ ಹೋಯಿತು. ಆದ್ದರಿಂದ ನಾನೇನೂ ಹೇಳುತ್ತಿಲ್ಲ, ನೋಡು. ನನಗೆ ಎದುರಾಳಿಯಾಗಿ ಪಕ್ಕದಲ್ಲಿ ನಿಂತಿದ್ದ ಬಾಸ್ಟನ್ನಿನ ವಕೀಲ ಶುರುವಿನಲ್ಲಿ ನಮ್ಮೂರಿನ ಹೆಸರು ಕೇಳಿ ಕಿಸಕ್ಕನೆ ನಕ್ಕ, ಅಷ್ಟು ಹೇಳಬಹುದು. ಕೊನೆಯಲ್ಲಿ ಅವನ ಮುಖ ಹೇಗಾಗಿತ್ತು ಎಂದು ಹೇಳುವಂತಿಲ್ಲ. ಅಯ್ಯೋ, ಹೇಳುವಂತಿದ್ದರೆ!

ನರ್ಸಿಂಗ್ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದೆ. ಜನವರಿಯ ತರಗತಿಗೆ ಇನ್ನೂ ಜಾಗವಿದೆಯಂತೆ. ನಿನ್ನ ಹೆಸರು ಹೇಳಿಟ್ಟಿದ್ದೇನೆ. ಯಾರನ್ನು ಕೇಳಿ ಹೇಳಿದೆ ಎಂದು ಜಗಳಕ್ಕೆ ಬರಬೇಡ. ಬರುವುದಾದರೆ ಮನೆಗೆ ಬಾ, ಅಮ್ಮನ ಮುಂದೆ ಕೂತು ಆಡೋಣ.

ಇತಿ,
ನಿನ್ನನ್ನು ಬಿಟ್ಟುಕೊಡದ ಅಕ್ಕ,
ಲೋರ್ನಾ

ತಾ.ಕ.: ಸೋಮವಾರ ಬೆಳಿಗ್ಗೆ ಆ ಕಚೇರಿಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ನೀನು ಬಂದೆಯೋ, ಯಾರು ಗೆದ್ದರೆಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿಬಿಡುತ್ತೇನೆ. ಆಮೇಲೆ ಒಂದು ಡಾಲರೂ ಕೈಗೆ ಬರುವುದಿಲ್ಲ, ಗೊತ್ತು. ಆದರೆ ನಾನು ಸೋತೆನೆಂದು ನಂಬಿ ನೀನು ಸಹಿ ಹಾಕುವುದನ್ನು ನಿಂತು ನೋಡಲಾರೆ. ದಯವಿಟ್ಟು ಬರಬೇಡ ಕಣೇ.