ಸಮ ಮಾಡಿದ ನೆಲ

ವಸತಿ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಗುಡ್ಡದ ಇಳಿಜಾರಿನಲ್ಲಿ ತಾವು ಕಟ್ಟಿಸಿರುವ ವಸತಿಗೃಹಗಳು ಜಾರುತ್ತಿವೆ. ಇದನ್ನು ತಮಗೆ ಮಾತ್ರ ತಿಳಿಯುವಂತೆ ಹಲವು ಬಾರಿ ಬರೆದೆ. ಈಗ ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೊದಲು ಸಂಗತಿಗಳು:

೧. ಎರಡನೆಯ ಕಟ್ಟಡಕ್ಕೆ ತಾಗಿದಂತೆ, ಇಳಿಜಾರಿನ ಬದಿಯಲ್ಲಿ ವಾಹನ ನಿಲ್ಲಿಸಲು ಜಾಗ ಅಗೆದಾಗ ನವಶಿಲಾಯುಗದ ಕೊನೆಯ ಘಟ್ಟದ ಬೇಸಾಯಗಾರರ ಊರೊಂದು ಸಿಕ್ಕಿತು.

೨. ಉತ್ಖನನದವರಿಗೆ ಮಣ್ಣಿನ ಪದರಗಳನ್ನು ಅಳೆದುಕೊಡಲು, ಮಂಡಳಿಯ ಮಣ್ಣು ಪರೀಕ್ಷೆಯ ಇಂಜಿನಿಯರ್ ಆದ ನನ್ನನ್ನು ತಾವೇ ಕಳುಹಿಸಿದಿರಿ.

೩. ಆ ಊರಿನ ಮೇಲೆ ಆಳೆತ್ತರದ ಕಲ್ಲುಮಣ್ಣು ಇತ್ತು. ಅದು ವರ್ಷ ವರ್ಷ ಕೂಡಿಕೊಂಡದ್ದಲ್ಲ. ಒಂದೇ ಸಲ ಗುಡ್ಡದಿಂದ ಇಳಿದದ್ದು.

೪. ಅದರಡಿಯಲ್ಲಿ ಮನುಷ್ಯರ ಒಂದು ಎಲುಬೂ ಸಿಗಲಿಲ್ಲ.

೫. ಎರಡನೆಯ ಕಟ್ಟಡದ ನೆಲಮಹಡಿಯಲ್ಲಿ ನನ್ನ ಅಕ್ಕ ವಾಸವಾಗಿದ್ದಾಳೆ.

ಐದನೆಯದು ಸಂಗತಿಯಲ್ಲ, ಸ್ವಾರ್ಥ ಎಂದು ತಾವು ಷರಾ ಬರೆಯಬಹುದು. ಬರೆಯಿರಿ. ಆದರೆ ಉಳಿದ ನಾಲ್ಕರ ಅರ್ಥ ನನಗೆ ಹೊಳೆದದ್ದು ಅವಳ ಅಡುಗೆಮನೆಯಲ್ಲಿ.

ಆ ಊರಿನವರು ಬೆಳೆ ಬೆಳೆದರು, ಮಡಕೆ ಸುಟ್ಟರು, ನೂಲು ತೆಗೆದು ಬಟ್ಟೆ ನೇಯ್ದರು. ಮನೆಯ ನೆಲವನ್ನು ನುಣ್ಣನೆಯ ಜೇಡಿಮಣ್ಣಿನಿಂದ ಮತ್ತೆ ಮತ್ತೆ ಸಾರಿಸಿದರು, ಹಳೆಯ ಸಾರಣೆಯ ಮೇಲೆಯೇ ಹೊಸದು. ಕೊಯ್ದು ನೋಡಿದರೆ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ. ಕೆಳಗಿನವು ಉಗುರಿನಷ್ಟು ತೆಳು, ಎಲ್ಲ ಕಡೆ ಒಂದೇ ದಪ್ಪ. ಮೇಲೆ ಬಂದಂತೆ ಇಳಿಜಾರಿನ ಬದಿಯಲ್ಲಿ ಮಾತ್ರ ದಪ್ಪ ಹೆಚ್ಚುತ್ತದೆ. ಕೊನೆಯ ಸಾರಣೆ ಒಂದು ಬದಿಯಲ್ಲಿ ಉಗುರಿನಷ್ಟೇ ಇದ್ದರೆ ಇನ್ನೊಂದು ಬದಿಯಲ್ಲಿ ನಾಲ್ಕು ಬೆರಳು ದಪ್ಪ: ಥೇಟ್ ಬೆಣೆಯ ಆಕಾರ. ಮಂಡಳಿ ಅಚ್ಚು ಹಾಕಿಸಿದ ಅಂದವಾದ ಕಿರುಹೊತ್ತಗೆ ಇದನ್ನು 'ಪ್ರಾಚೀನರ ಒರಟು ಕೆಲಸ' ಎಂದು ಕರೆದಿದೆ. ಸ್ವಾಮಿ, ಎಳೆ ಎಳೆಯಾಗಿ ನೂಲು ತೆಗೆದ ಕೈಗಳಿಗೆ ನೆಲ ಸಾರಿಸಲು ಬರಲಿಲ್ಲವೇ? ನೆಲ ವಾಲುತ್ತಿತ್ತು. ವಾಲಿದಷ್ಟನ್ನು ತುಂಬಿ ಅವರು ಸಮ ಮಾಡುತ್ತಿದ್ದರು.

ಒಂದು ಮನೆಯಲ್ಲಿ, ನೂಲುವ ಕದಿರಿಗೆ ಭಾರಕ್ಕೆಂದು ಸಿಕ್ಕಿಸುವ ಮಣ್ಣಿನ ಬಿಲ್ಲೆಗಳು ಒಂದೇ ಮೂಲೆಯಲ್ಲಿ, ಬೇರೆ ಬೇರೆ ಪದರಗಳಲ್ಲಿ ಹುದುಗಿದ್ದವು. ಏಕೆಂದು ಕೇಳಿದೆ. ಉತ್ಖನನದ ಮುಖ್ಯಸ್ಥೆ ನಕ್ಕರು.

"ಏನೂ ತಿಳೀದಿದ್ರೆ ನಾವು 'ಧಾರ್ಮಿಕ ವಸ್ತು' ಅಂತ ಬರೆದು ಕೈ ತೊಳ್ಕೋತೀವಿ ಸಾರ್. ನಿಮ್ಮಲ್ಲಿ ಅಂಥದ್ದೇನಿಲ್ವಾ?"

"'ನೈಸರ್ಗಿಕ ಕಾರಣ' ಅಂತ ಬರೀತೀವಿ ಮೇಡಂ" ಎಂದೆ.

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಆ ವಾರ ಅವಳ ಮನೆಗೆ ಹೋಗಿದ್ದಾಗ ಹೊಲಿಗೆ ಯಂತ್ರದ ಮೇಲಿಂದ ದಾರದ ಉಂಡೆ ಬಿತ್ತು. ನಾನು ಬಗ್ಗಿ ಹುಡುಕತೊಡಗಿದೆ.

"ಅಲ್ಲೇನು ತಡಕಾಡ್ತೀಯೋ? ಅಡುಗೆಮನೆ ಮೂಲೇಲಿ ಹೋಗಿ ಕೂತಿರುತ್ತೆ, ನೋಡು" ಎಂದಳು.

ಕೂತಿತ್ತು. ಜೊತೆಗೆ ಅಂಗಿಯ ಗುಂಡಿಗಳು, ಒಂದು ಒಣಗಿದ ಬಟಾಣಿ ಕಾಳು.

"ಯಾವಾಗಿಂದ ಹೀಗೆ?"

"ಮೊದ್ಲಿಂದ್ಲೂ ಸ್ವಲ್ಪ ಇತ್ತು. ನಿಮ್ಮೋರೇ ಮೇಸ್ತ್ರೀನ ಕಳಿಸಿ ಎರಡು ಸಲ ನೆಲ ಎತ್ತರಿಸಿದ್ರಲ್ಲ! ಈಗ ಬಾಗ್ಲು ನೆಲಕ್ಕೆ ಉಜ್ಜುತ್ತೆ, ಉಂಡೆ ಮತ್ತೆ ಅಲ್ಲಿಗೇ ಓಡುತ್ತೆ. ಯಾಕೋ, ಮುಖ ಯಾಕೆ ಹಾಗ್ಮಾಡ್ದೆ?"

ಸಡಿಲವಾಗಿದ್ದ ಒಂದು ಟೈಲ್ ಎತ್ತಿ ನೋಡಿದೆ. ಅಡಿಯ ಸಿಮೆಂಟು ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ. ಎರಡನೆಯ ಸಲ ಹಾಕಿದ್ದು ಮೊದಲಿನದಕ್ಕಿಂತ ದಪ್ಪ. ಗೋಡೆಯಾಚೆಯ ಗುಂಡಿಯಲ್ಲಿ ನಾನು ದಿನವೂ ಅಳೆಯುತ್ತಿದ್ದ ಅದೇ ಬೆಣೆ.

ನನ್ನ ವರದಿಗೆ ತಮ್ಮ ಕಛೇರಿಯ ಉತ್ತರ ಹೀಗಿತ್ತು: 'ಸದರಿ ನೆಲವನ್ನು ಸಮ ಮಾಡಲಾಗಿದೆ. ಕಡತ ಮುಕ್ತಾಯ.' ಆ ಹಳೆಯ ಊರಿನವರೂ ಸಮ ಮಾಡಿದರು, ಮಾನ್ಯರೇ, ತಲೆಮಾರುಗಳ ಕಾಲ ಮಾಡಿದರು. ಅವರ ಬಳಿ ಕಡತವಿರಲಿಲ್ಲ; ಹಾಗಾಗಿ ಮುಕ್ತಾಯವಾಯಿತೆಂದು ನಂಬುವ ಸೌಕರ್ಯವೂ ಇರಲಿಲ್ಲ. ಒಂದು ದಿನ ಸಾರಿಸುವುದನ್ನು ನಿಲ್ಲಿಸಿದರು. ಒಲೆಯ ಬೂದಿ ತೆಗೆದರು, ಕಾಳು ಅರೆಯುವ ಕಲ್ಲುಗಳನ್ನು ಬೋರಲು ಹಾಕಿದರು, ಹೊರಟರು. ಎಲ್ಲ ಮನೆಗಳ ಕೊನೆಯ ಸಾರಣೆಯೂ ಒಂದೇ ಬಣ್ಣದ ಜೇಡಿಯದು. ಅದರ ಮೇಲೆ ಯಾವ ಮನೆಯಲ್ಲೂ ಇನ್ನೊಂದು ಪದರವಿಲ್ಲ. ತಿಳಿದವರು ಮೊದಲು, ತಿಳಿಯದವರು ಆಮೇಲೆ ಎಂಬ ಏರ್ಪಾಡು ಅಲ್ಲಿರಲಿಲ್ಲ. ಗುಡ್ಡ ಇಳಿದಾಗ ಊರು ಖಾಲಿಯಿತ್ತು.

ಅವರಿಗೆ ಗುಡ್ಡ ತಲೆಮಾರುಗಳ ಸಮಯ ಕೊಟ್ಟಿತು. ನಾವು ಅದರ ಪಾದವನ್ನೇ ಕಡಿದಿದ್ದೇವೆ. ಉತ್ಖನನದ ಗುಂಡಿಗೆ ಸಡಿಲ ಮಣ್ಣು ಸುರಿದು ಡಾಂಬರು ಬಳಿದಿದ್ದೇವೆ. ಮೊನ್ನೆ ಅಕ್ಕನ ಕಿಟಕಿಯ ಗಾಜು ಯಾರೂ ಮುಟ್ಟದೆ ಮೂಲೆಯಿಂದ ಮೂಲೆಗೆ ಸೀಳಿತು. ಮಳೆಗಾಲ ಇನ್ನೂ ಬಂದಿಲ್ಲ. 'ನಿವಾಸಿಗಳಲ್ಲಿ ಗಾಬರಿ ಹಬ್ಬಿಸತಕ್ಕದ್ದಲ್ಲ' ಎಂಬ ತಮ್ಮ ಆದೇಶ ಮಾತ್ರ ಅದೇ ಸಂಜೆ ನನ್ನ ಮೇಜಿಗೆ ಬಂತು. ಗಾಜಿಗೂ ಒಂದು ಪ್ರತಿ ಕಳುಹಿಸಿದ್ದರೆ ಒಳ್ಳೆಯದಿತ್ತು.

ನಾನು ಆದೇಶ ಪಾಲಿಸುವವನು. ಅಕ್ಕನೊಬ್ಬಳಿಗೇ ವಿಷಯವನ್ನೆಲ್ಲ ಹೇಳಿ, ಸದ್ದಿಲ್ಲದೆ ಸಾಮಾನು ಕಟ್ಟಿಕೊಂಡು ನಮ್ಮ ಮನೆಗೆ ಬಂದುಬಿಡು ಎಂದೆ. ಅವಳು ಕತ್ತರಿ ಕೆಳಗಿಟ್ಟಳು.

"ಮೇಲಿನ ಮನೆ ಬಾಣಂತಿಗೆ ಏನಂತ ಹೇಳ್ಲಿ? ನನ್ನ ತಮ್ಮ ಇಂಜಿನಿಯರ್ರು, ನಿಂಗೆ ಅಂಥ ತಮ್ಮ ಇಲ್ವಲ್ಲಮ್ಮ, ನೀನು ಮಗು ಕರ್ಕೊಂಡು ಇಲ್ಲೇ ಇರು ಅಂತ್ಲಾ?"

ಕೆಳಗಿಟ್ಟ ಕತ್ತರಿಯನ್ನು ಅವಳು ಮತ್ತೆ ಎತ್ತಿಕೊಂಡಳು.

"ಆ ಕಾಲದೋರಿಗೆ ಓದಿರ್ಲಿಲ್ಲ, ಬರಹ ಇರ್ಲಿಲ್ಲ, ಎಲ್ರೂ ಒಟ್ಟಿಗೆ ಎದ್ದು ಹೋದ್ರು ಅಂತ ನೀನೇ ಹೇಳ್ತೀಯ. ಹೇಳೋದಿದ್ರೆ ಎಲ್ರಿಗೂ ಹೇಳು. ಆಮೇಲೆ ನನ್ನ ಕರಿ, ಬರ್ತೀನಿ. ಅಲ್ಲೀವರೆಗೂ ಈ ರವಿಕೆ ಹೊಲಿದು ಮುಗಿಸ್ತೀನಿ."

ಆದ್ದರಿಂದ ನನ್ನ ಒತ್ತಾಯ ಇಷ್ಟು. ಮೊದಲ ಮಳೆಗೆ ಮುಂಚೆ ಎಲ್ಲ ಕಟ್ಟಡಗಳನ್ನೂ ತೆರವುಗೊಳಿಸಿ, ಅಲ್ಲಿರುವವರಿಗೆ ಬೇರೆಡೆ ಸೂರು ಕೊಡಿ. ಇನ್ನು ಮುಂದೆ ಯಾವ ಮನೆಗೂ ನೆಲ ಸಮ ಮಾಡಲು ಮೇಸ್ತ್ರಿಯನ್ನು ಕಳುಹಿಸಬೇಡಿ. ಸಮ ಮಾಡಿದಷ್ಟೂ ವಾಲಿದ್ದು ಕಣ್ಣಿಗೆ ಬೀಳುವುದು ತಡವಾಗುತ್ತದೆ.

ಇದಕ್ಕೆ ತಮ್ಮ ಉತ್ತರ ಬರುವವರೆಗೆ ನಾನು ಕಾಯುವುದಿಲ್ಲ. ಈ ಪತ್ರ ಅಚ್ಚಾದ ದಿನ ಬೆಳಿಗ್ಗೆ ಅಲ್ಲಿನ ಪ್ರತಿ ಮನೆಯ ಬಾಗಿಲು ತಟ್ಟಿ, ಇಲ್ಲಿ ಬರೆದಿರುವುದನ್ನೆಲ್ಲ ಹೇಳುತ್ತೇನೆ. ಅಕ್ಕನ ಬಾಗಿಲನ್ನು ಕೊನೆಯಲ್ಲಿ ತಟ್ಟುತ್ತೇನೆ.

ಇಂತಿ,
ಇದು ಅಚ್ಚಾಗುವವರೆಗೆ ಮಾತ್ರ ತಮ್ಮ ವಿಧೇಯನಾಗಿರುವ
ಮಣ್ಣು ಪರೀಕ್ಷೆಯ ಇಂಜಿನಿಯರ್