ಬಿಗಿ ಮುಚ್ಚಳ

ಅಮ್ಮ,

ಕೀಲುವಾತದವರ ಸಹಾಯನಿಧಿಗೆ ಇವತ್ತು ಚರ್ಚಿನ ಅಂಗಳದಲ್ಲಿ ನಿನ್ನ ಲ್ಯೂತೆನಿತ್ಸಾ ಚಟ್ನಿ ಮಾರಿದೆ. ಕೆಂಪು ದೊಣ್ಣೆಮೆಣಸು ಸುಟ್ಟು ಅರೆದು ಜಾಡಿಗಳಿಗೆ ತುಂಬಿ, ನೀನು ಕಲಿಸಿದ ಹಾಗೇ ಮುಚ್ಚಳ ಬಿಗಿದು ಕುದಿಸಿದ್ದೆ. ಮಧ್ಯಾಹ್ನದೊಳಗೆ ಒಂದು ಜಾಡಿಯೂ ಉಳಿಯಲಿಲ್ಲ, ಗೊತ್ತಾ!

ಸಂಜೆ ಪಕ್ಕದ ಮನೆಯ ರಾದ್ಕಾ ಅಜ್ಜಿ ಸೊಟ್ಟ ಬೆರಳುಗಳಲ್ಲಿ, ತೆರೆಯಲಾಗದ ಜಾಡಿ ವಾಪಸ್ ತಂದು ಕುಕ್ಕಿದಳು. "ಯಾರಿಗೇ ಮಾಡಿದ್ದು ಇದನ್ನ, ಪೈಲ್ವಾನರಿಗಾ? ನಿಮ್ಮಮ್ಮನ ಥರ ನಾನೂ ಮುಚ್ಚಳಾನ ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸ್ಲಾ?"

ನಕ್ಕುಬಿಟ್ಟೆ. ಕೊಂಡವರ ಮನೆಮನೆಗೂ ಹೋಗಿ ಮುಚ್ಚಳ ಸಡಿಲಿಸಿ ಬಂದೆ. ಮುಂದಿನ ವರ್ಷ ಇದರ ಎರಡರಷ್ಟು ಮಾಡ್ತೀನಿ, ಸಡಿಲಿಸಿಯೇ ಕೊಡ್ತೀನಿ.

ಈಗ ನಮ್ಮ ಅಡುಗೆಮನೆ ಬಾಗಿಲ ಹತ್ತಿರ ಕೂತಿದ್ದೇನೆ. ಬಾಗಿಲು ಹಾಳು ಮಾಡ್ತೀಯ ಅಂತ ನಿನ್ನನ್ನು ಬೈದು, ನಿನ್ನ ಮುಚ್ಚಳಗಳ ಗೀರುಗಳ ಮೇಲೆ ಬಣ್ಣ ಬಳಿದವಳು ನಾನೇ. ಉಗುರಲ್ಲಿ ಕೆರೆದರೆ ಒಂದೊಂದಾಗಿ ಕಾಣುತ್ತಿವೆ.