ರಾಣಿಯ ಕೊನೆಯ ಹತ್ತು ಪುಟ

ಮೊಮ್ಮಗಳೇ,

ನಿನಗೆ ತಲೆ ನೆಟ್ಟಗಿದೆಯೇನೇ? ಹಾಸ್ಟೆಲಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಓದುತ್ತಿದ್ದ ಲೈಬ್ರರಿಯ ಕಾದಂಬರಿಯನ್ನೂ ಚೀಲಕ್ಕೆ ತುರುಕಿಕೊಂಡು ಹೋಗಿದ್ದೀಯ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಾಲಿನ ಮೇಲೆ ಬೆರಳಿಟ್ಟುಕೊಂಡು ಮುನ್ನೂರು ಪುಟ ದಾಟಿದ್ದೆ. ಉಳಿದದ್ದು ಹತ್ತೇ ಪುಟ. ಕೋಟೆಯೊಳಗೆ ರಾಣಿ, ಹೊರಗೆ ಶತ್ರುಸೈನ್ಯ, ಅಲ್ಲಿಗೇ ನನ್ನನ್ನು ನಿಲ್ಲಿಸಿಬಿಟ್ಟೆ.

ಮೊನ್ನೆ ಅದೇ ಕಾದಂಬರಿಯ ಬಗ್ಗೆ ಮಾತಾಡಲು ಲೈಬ್ರರಿಯಲ್ಲಿ ನಮ್ಮ ಓದುಗರ ಕೂಟ ಸೇರಿತ್ತು. ರಿಟೈರಾದ ಟೀಚರಮ್ಮ, "ದೊಡ್ಡಮ್ಮ, ಕೊನೆ ಹೇಗಿತ್ತು, ನೀವೇ ಹೇಳಿ" ಅಂದಳು. ಓದಿಲ್ಲ ಅಂದರೆ ಇವಳಿಗೆ ಓದಲು ಬರುವುದಿಲ್ಲ ಅಂದುಕೊಳ್ಳುತ್ತಾರಲ್ಲ? ಬಾಯಿಗೆ ಬಂದದ್ದು ಹೇಳಿದೆ. ಅಡುಗೆಯವರು, ಬಟ್ಟೆ ಒಗೆಯುವವರು, ಎಲ್ಲ ಹೆಂಗಸರಿಗೂ ರಾಣಿ ಸೈನಿಕರ ವೇಷ ತೊಡಿಸಿ ಕೋಟೆಗೋಡೆಯ ಮೇಲೆ ನಿಲ್ಲಿಸಿದಳು, ಅದನ್ನು ನೋಡಿ ಶತ್ರು ಬಾಲ ಮುದುರಿಕೊಂಡು ಓಡಿದ ಅಂದೆ.

"ಹೌದು ಹೌದು, ಅಲ್ಲಿ ನನಗೆ ಕಣ್ಣೀರೇ ಬಂತು" ಅಂದಳು ಟೀಚರಮ್ಮ. "ನನಗೂ" ಅಂದಳು ಟೈಲರ್ ಹೆಂಗಸು.

ಲೈಬ್ರರಿಯವಳು ಮಾತ್ರ ರಿಜಿಸ್ಟರಿನ ಮರೆಯಲ್ಲಿ ನಗುತ್ತಿದ್ದಳು. ಎಲ್ಲರೂ ಹೋದ ಮೇಲೆ, "ಅಜ್ಜಿ, ಪುಸ್ತಕದಲ್ಲಿ ಹಾಗಿಲ್ಲ. ಅವರಿಬ್ಬರೂ ಕೊನೆ ಓದೇ ಇಲ್ಲ. ಮುಂದಿನ ತಿಂಗಳ ಕೂಟದಲ್ಲಿ ಆ ಹತ್ತು ಪುಟ ನೀವೇ ಗಟ್ಟಿಯಾಗಿ ಓದಿ" ಅಂದಳು.

ಮೂರನೇ ಕ್ಲಾಸಿನವಳು ಟೀಚರಿಗೆ ಓದಿ ಹೇಳುವುದೆಂದರೆ ಹುಡುಗಾಟವೇನೇ? ಎದೆ ಒಮ್ಮೆ ಹೆದರುತ್ತದೆ, ಒಮ್ಮೆ ಕುಣಿಯುತ್ತದೆ. ನಾಲ್ಕು ಸಲವಾದರೂ ಓದಿ ಅಭ್ಯಾಸ ಮಾಡಿಕೊಳ್ಳಬೇಕು. ಲೈಬ್ರರಿಯಲ್ಲಿದ್ದದ್ದು ಅದೊಂದೇ ಪ್ರತಿ, ಪುಸ್ತಕವನ್ನು ನಾಳೆಯೇ ಅಂಚೆಗೆ ಹಾಕು. ಜೊತೆಗೆ ರಾಣಿ ಗೆದ್ದಳೋ ಸೋತಳೋ ಒಂದು ಸಾಲು ಬರೆ. ಸೋತಿದ್ದರೆ ಕನ್ನಡಕ ಮರೆತು ಬಂದೆ ಅಂತ ಹೇಳಿ ನನ್ನ ರಾಣಿಯನ್ನೇ ಗೆಲ್ಲಿಸುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಕೋಟೆ ಬಾಗಿಲಲ್ಲೇ ನಿಂತಿರುವ
ನಿನ್ನ ಅಜ್ಜಿ